ನೀರಿಗೆ ದಾರಿ ಬಿಡುವ ಕುಷ್ಟಣ್ಣ

ಬೆಳಗಿನ ಆರು ಗಂಟೆ. ಯಡ್ತರೆಯ ವರ್ಕ್‌ಶಾಪಿನ ಬಾಗಿಲು ತೆರೆದು, ಕೈಮುಗಿದು, ಕುಷ್ಟಣ್ಣ ಮೊದಲು ಪೈಪಿನ ಮೇಲೆ ಅಂಗೈ ಇಡುತ್ತಾರೆ. ಎದುರಿಗೆ ಎರಡಾಳೆತ್ತರದ ಕಬ್ಬಿಣದ ಚೌಕಟ್ಟು. ಬುಡದಲ್ಲಿ ಕಾಯುವ ಪಾತ್ರೆ, ತುದಿಯಲ್ಲಿ ತಣ್ಣೀರಿನ ಟ್ಯಾಂಕು, ನಡುವೆ ಏರುವ ಪೈಪು, ಇಳಿಯುವ ಪೈಪು. ಕರೆಂಟು ಹೋದರೆ ಅಣು ರಿಯಾಕ್ಟರನ್ನು ತಣಿಸುವುದು ಹೇಗೆಂದು ಪರೀಕ್ಷಿಸಲು ಪ್ರಯೋಗಾಲಯವೊಂದು ಮಾಡಿಸುತ್ತಿರುವ ಮಾದರಿ ಇದು. ಹತ್ತು ಗಂಟೆಗೆ ಪ್ರಯೋಗಾಲಯದವರು ಬರುತ್ತಾರೆ. ಪಂಪು ನಿಂತ ಮೇಲೂ ನೀರು ತಾನಾಗಿ ಹರಿಯಬೇಕು. ಇಲ್ಲದಿದ್ದರೆ ಕುಷ್ಟಣ್ಣನ ಐದು ತಿಂಗಳ ಕೆಲಸ ಗುಜರಿಗೆ.

ರಿಯಾಕ್ಟರನ್ನು ನಿಲ್ಲಿಸಿದರೂ ಅದರ ಒಡಲ ಬಿಸಿ ಕೂಡಲೇ ಆರುವುದಿಲ್ಲ. ಕರೆಂಟೂ ಇಲ್ಲದಾಗ ಆ ಬಿಸಿಯನ್ನು ಹೊರಗೆ ಸಾಗಿಸುವುದು ನೀರಿನ ಗುಣವೊಂದೇ. ಕಾದದ್ದು ಏರಿ ತಣಿಯುತ್ತದೆ, ತಣಿದದ್ದು ಇಳಿದು ಕಾಯುತ್ತದೆ.

"ಬಿಸಿನೀರ್ ಮೇಲ್ ಹೋತ್ತ್, ತಣ್ಣೀರ್ ಕೆಳಗ್ ಬತ್ತ್. ದೇವ್ರ್ ಕೊಟ್ಟದ್ ಅದ್. ದಾರಿ ಬಿಡೂದ್ ಮಾತ್ರ ನಮ್ ಕೆಲ್ಸ" ಎನ್ನುತ್ತಾರೆ ಕುಷ್ಟಣ್ಣ.

ವಯಸ್ಸು ಐವತ್ತೇಳು, ಓದಿದ್ದು ಏಳನೆಯ ತರಗತಿ. ಹದಿನೆಂಟು ವರ್ಷ ಮುಂಬೈಯಲ್ಲಿ ಬಾಯ್ಲರ್ ಪೈಪಿನ ಕೆಲಸ. ಎಡ ಮುಂಗೈಯಲ್ಲಿ ಹಬೆ ಸುಟ್ಟ ಕಲೆ. ಈ ಮಾದರಿಯ ನಲವತ್ತೆರಡು ಬೆಸುಗೆಯೂ ಅವರದೇ. "ಊರಿಗೆಲ್ಲ ಪೈಪ್ ಹಾಕ್ತ್ರ್, ನಮ್ಮನಿ ನಲ್ಲಿ ಸೋರೂದ್ ಕಾಂಬುಕೆ ಪುರ್ಸೊತ್ತಿಲ್ಲ" ಎಂದು ಹೆಂಡತಿ ಅಕ್ಕು ಚುಚ್ಚುವುದುಂಟು.

ತಪ್ಪಿದ್ದೂ ಇದೆ. ಮೊದಲ ಸಲ ಟ್ಯಾಂಕಿನತ್ತ ಹೋಗುವ ಅಡ್ಡ ಪೈಪನ್ನು ಗೆರೆ ಎಳೆದಂತೆ ಮಟ್ಟಸವಾಗಿ ಕೂರಿಸಿದ್ದರು. ಪಂಪು ಇದ್ದಾಗ ಏನೂ ತಿಳಿಯಲಿಲ್ಲ. ನಿಲ್ಲಿಸಿದರೆ ನೀರೂ ನಿಂತಿತು.

"ಚಂದ ಕಾಂಬುಕೆ ಅಂದೇಳಿ ಮಾಡ್ದೆ. ಗಾಳಿ ಅಲ್ಲೇ ಕೂಕಂತ್."

ಯಾರಿಂದಲೂ ಹೇಳಿಸಿಕೊಳ್ಳಲಿಲ್ಲ. ತಾವೇ ಕತ್ತರಿಸಿ, ಸಿಕ್ಕಿಕೊಂಡ ಗಾಳಿ ಟ್ಯಾಂಕಿಗೆ ಜಾರಿಹೋಗುವಂತೆ ಒಂದು ಬೆರಳು ಏರು ಕೊಟ್ಟು ಮತ್ತೆ ಬೆಸೆದರು.

ಹತ್ತಕ್ಕೆ ಪ್ರಯೋಗಾಲಯದ ಸೌಮ್ಯಶ್ರೀ ಬರುತ್ತಾರೆ. ವರ್ಕ್‌ಶಾಪಿನ ಮಾಲೀಕ ಅಶೋಕ್‌ಗೆ ಆತಂಕ.

"ಹ್ವಾಯ್ ಕುಷ್ಟಣ್ಣ, ಪೈಪ್ ಸೊಟ್ಟ ಕಾಣತ್ತಲೆ?"

"ನಿಮ್ ಕಣ್ಣಿಗ್ ಸೊಟ್ಟ. ನೀರಿಗಲ್ಲ ಮಾರಾಯ್ರೆ."

ಪಾತ್ರೆ ಕಾದ ಮೇಲೆ ಸೌಮ್ಯಶ್ರೀ ಮೇನ್ ಸ್ವಿಚ್ ತೆಗೆಯುತ್ತಾರೆ. ಪಂಪು, ಫ್ಯಾನು, ದೀಪ ಎಲ್ಲವೂ ನಿಲ್ಲುತ್ತವೆ. ಹರಿವು ತೋರಿಸುವ ಗಾಜಿನ ಕೊಳವೆಯಲ್ಲಿ ಗುಂಡು ತಳಕ್ಕೆ ಬೀಳುತ್ತದೆ. ಒಂದು ನಿಮಿಷ. ಎರಡು. ಅಶೋಕ್ ಬೆವರು ಒರೆಸಿಕೊಳ್ಳುತ್ತಾರೆ. ಕುಷ್ಟಣ್ಣ ಏಣಿ ಹತ್ತಿ, ಕಣ್ಣು ಮುಚ್ಚಿ ಅಡ್ಡ ಪೈಪಿನ ಮೇಲೆ ಅಂಗೈ ಇಟ್ಟಿದ್ದಾರೆ.

"ಬಂತ್" ಎನ್ನುತ್ತಾರೆ.

ಆಮೇಲೆ ಗುಂಡು ಮೆಲ್ಲಗೆ ಏಳುತ್ತದೆ. ಏಳುತ್ತಲೇ ಹೋಗಿ, ಅರ್ಧದಲ್ಲಿ ಅಲುಗದೆ ನಿಲ್ಲುತ್ತದೆ. ಪಂಪಿಲ್ಲದೆಯೂ ನೀರು ಒಂದೇ ಸಮನೆ ಹರಿಯುತ್ತಿದೆ. ಸೌಮ್ಯಶ್ರೀ ಒಪ್ಪಿಗೆಯ ಹಾಳೆಗೆ ಸಹಿ ಹಾಕುತ್ತಾರೆ. ಅದರಲ್ಲಿ ಕುಷ್ಟಣ್ಣನ ಹೆಸರಿಗೆ ಜಾಗವಿಲ್ಲ. ಅವರಿಗೆ ಅದರ ಚಿಂತೆಯೂ ಇಲ್ಲ.

"ಇದ್ನ ಕಂಡ್ ರಿಯಾಕ್ಟರಿಗ್ ದೊಡ್ದ್ ಮಾಡ್ತ್ರ್ ಅಂಬ್ರ್. ಕರೆಂಟ್ ಹೋಯಿ ಅದಕ್ಕೆ ಕೆಲ್ಸ ಬಪ್ಪ ದಿನ ಬಪ್ದೇ ಬ್ಯಾಡ" ಎಂದು ಬಟ್ಟೆಯಿಂದ ಪೈಪು ಒರೆಸುತ್ತಾರೆ. "ಬಂದ್ರೆ, ಯಾರನ್ನೂ ಕರೂದ್ ಬ್ಯಾಡ. ನೀರ್ ಅದ್ರಷ್ಟಕ್ಕೇ ಹೋತ್ತ್."