ಬ್ಲಾಗಿನಿಂದ ಮಾಯವಾದ ಕಾಳು

ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಅವಳಿಗೆ ಗುಮಾನಿ ಟೀಚರ್ ಅಂತ ಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ಟೀಚರ್ ಇನ್ನೂ ಆಗಿರಲಿಲ್ಲ, ಗುಮಾನಿ ಮಾತ್ರ ಪೂರ್ತಿ ಬಂದಿತ್ತು. ಬೀಗ ಹಾಕಿ ಎಳೆದು ನೋಡುವವಳು. ಎಳೆದು ನೋಡಿದೆನಾ ಅಂತ ಅರ್ಧ ದಾರಿಯಿಂದ ವಾಪಸ್ ಬರುವವಳು.

ಈ ಸಲ ಕಾರಣವೂ ಇತ್ತು. ಶುಕ್ರವಾರ ಪರೀಕ್ಷೆಯ ಪಾಠ. ನಿಜವಾದ ಮಕ್ಕಳು, ಹಿಂದೆ ಪೆನ್ನು ಹಿಡಿದ ಕಂಪ್ಯೂಟರ್ ಮೇಡಂ. ಸ್ವಂತ ಬ್ಲಾಗ್ ಮಾಡಿ ಅದರಿಂದಲೇ ಪಾಠ ಹೇಳಬೇಕು. ಕೆಟ್ಟರೆ ಇಡೀ ವರ್ಷ ಮತ್ತೆ ಕೂರಬೇಕು. ಅವಳು ಮನೆಯ ಕಿಟಕಿಯಲ್ಲಿ, ಗಾಜಿನ ಲೋಟದ ಒದ್ದೆ ಹತ್ತಿಯೊಳಗೆ ಒಂದು ಕಾಳಿಟ್ಟು, ಅದು ಮೊಳೆತು ಎಲೆ ಬಿಡುವ ತನಕ ದಿನಕ್ಕೊಂದು ಫೋಟೋ ಹಿಡಿದು ಬ್ಲಾಗಿಗೆ ಸೇರಿಸುತ್ತಾ ಬಂದಿದ್ದಳು. ಚಿತ್ರಗಳನ್ನು ಬ್ಲಾಗಿಗೇ ಏರಿಸಿ ಅಂತ ಮೇಡಂ ಬಡಕೊಂಡಿದ್ದರು. ಅದು ತಡ ಅಂತ ಇವಳು ಫೋನಿನ ಆಲ್ಬಮ್ಮಿನ ಲಿಂಕ್ ತಂದು ಅಂಟಿಸಿದಳು. ಚೆನ್ನಾಗಿಯೇ ಕಂಡವು.

ಸೋಮವಾರ ಕಾಲೇಜಿನ ಲ್ಯಾಬಿನಲ್ಲಿ ಬ್ಲಾಗು ತೆಗೆದು ನೋಡಿದರೆ ಬೇರು ಇಲ್ಲ. ಬೇರಿದ್ದ ಜಾಗದಲ್ಲಿ ಬೂದು ಬಣ್ಣದ ಚೌಕ.

ಪಕ್ಕದ ಕುರ್ಚಿಯ ಉದ್ದನೆಯ ಹುಡುಗ, ಎಲ್ಲರ ಬಾಯಲ್ಲಿ ಲಂಬು, ಕತ್ತು ಚಾಚಿದ. ಇವಳ ಪರದೆಯೊಳಗೆ ಇಣುಕುವುದು ಅವನ ದಿನದ ಚಟ.

"ಏನ್ರೀ, ನಿಮ್ಮ ಕಾಳು ರಜಾ ಹಾಕಿದ್ಯಾ?"

ಅಷ್ಟು ಸಾಕಾಯಿತು. ಪಾಸ್‌ವರ್ಡ್ ಬದಲಾಯಿಸಿದಳು. ಬುಧವಾರ ಮೊಳಕೆಯೂ ಹೋಯಿತು. ಮತ್ತೆ ಬದಲಾಯಿಸಿದಳು, ಬ್ಯಾಗು ಅಡ್ಡ ಇಟ್ಟುಕೊಂಡು ಟೈಪ್ ಮಾಡಿದಳು. ಅವನು ನೀರು ಕುಡಿಯಲು ಎದ್ದರೆ ಅನುಮಾನ, ಏಳದಿದ್ದರೆ ಇನ್ನೂ ಅನುಮಾನ. ಕಳ್ಳನ ಮುಖ ಇರುವುದೇ ಹಾಗೆ, ಏನೂ ಗೊತ್ತಿಲ್ಲದವನ ಹಾಗೆ.

ಮನೆಯಲ್ಲಿ ಹೊಲಿಗೆ ಯಂತ್ರದ ಮುಂದಿನಿಂದ ಅಮ್ಮ, "ಈ ಫೋನಿಗೇನು ಹೊಟ್ಟೆಯುಬ್ಬರ ಕಣೇ, ಯಾವಾಗ ನೋಡಿದ್ರೂ ತುಂಬಿದೆ ಅನ್ನುತ್ತೆ" ಅಂದರೆ ಕೇಳಿಸಿಕೊಳ್ಳುವವರು ಯಾರು? ಮನೆಗೆಲ್ಲ ಅದೊಂದೇ ಫೋನು. ಹಗಲೆಲ್ಲ ಗಿರಾಕಿಗಳಿಗೆಂದು ಅಮ್ಮನ ಹತ್ತಿರವೇ ಇರುತ್ತಿತ್ತು.

ಗುರುವಾರ ಎಲೆಯೂ ಮಾಯ. ಬೆಳೆದ ಗಿಡವನ್ನು ಮತ್ತೆ ಕಾಳು ಮಾಡಲಾಗುತ್ತದೆಯೇ? ಲ್ಯಾಬಿನ ನಡುವೆ ಎದ್ದು ನಿಂತಳು.

"ಮೇಡಂ, ಇವನೇ! ನನ್ನ ಪಾಠ ಹಾಳು ಮಾಡ್ತಿರೋನು ಇವನೇ!"

ಲಂಬು ಕೆಂಪಾದ. "ನಿಮ್ಮ ಕಾಳು ತಗೊಂಡು ನಾನೇನು ಹುರ್ಕೊಂಡು ತಿನ್ಲಾ?"

"ಮತ್ತೆ ದಿನಾ ಇಣುಕೋದ್ಯಾಕೆ?"

"ಬೆಳೀತಾ ಇತ್ತಲ್ರೀ, ನೋಡ್ತಿದ್ದೆ!"

ಮೇಡಂ ಬಂದು ಬೂದು ಚೌಕವನ್ನು ಒತ್ತಿ ನೋಡಿದರು. "ಚಿತ್ರ ಬ್ಲಾಗಲ್ಲೇ ಇಲ್ವಲ್ಲಮ್ಮ. ಫೋನಲ್ಲಿ ಅಳಿಸಿದ್ರೆ ಇಲ್ಲೂ ಹೋಗುತ್ತೆ. ಫೋನ್ ಯಾರ ಹತ್ರ ಇದೆ?"

ಮೇಡಂ ತಮ್ಮ ಫೋನಿಂದಲೇ, ಎಲ್ಲರಿಗೂ ಕೇಳುವ ಹಾಗೆ, ಅಮ್ಮನಿಗೆ ಹಚ್ಚಿಕೊಟ್ಟರು.

"ಅಮ್ಮಾ, ಕಾಳಿನ ಫೋಟೋ ನೀನೇನಾದ್ರೂ..."

"ಹೂಂ, ಅಳಿಸ್ದೆ. ಅದೇ ಲೋಟ, ಅದೇ ಕಾಳು! ಒಂದಿದ್ರೆ ಸಾಲದಾ? ಫ್ರಾಕಿನ ಕುತ್ತಿಗೆ ಫೋಟೋ ತೆಗೆಯೋಕೆ ಜಾಗ ಬೇಡ್ವೇನೇ?"

ಲ್ಯಾಬು ಬಿದ್ದು ಬಿದ್ದು ನಕ್ಕಿತು. ಲಂಬು ನಗಲಿಲ್ಲ. ಕುರ್ಚಿ ಎಳೆದುಕೊಂಡು ಆಚೆ ಸಾಲಿಗೆ ಹೋದ. "ತಪ್ಪಾಯ್ತು" ಅಂತ ಇವಳು ಹೇಳಿದ್ದು ಅವನ ಬೆನ್ನಿಗೆ.

ಸಂಜೆ ಫೋನಿನ ಕಸದ ಬುಟ್ಟಿಯಿಂದ ಕಾಳುಗಳನ್ನೆಲ್ಲ ಹೆಕ್ಕಿ, ಒಂದೊಂದಾಗಿ ಬ್ಲಾಗಿಗೇ ಏರಿಸಿದಳು.

ಶುಕ್ರವಾರ ಪರದೆಯ ಮೇಲೆ ಎಲ್ಲ ಸರಿಯಾಗಿ ಕಂಡವು. ಆದರೆ ಮೊದಲ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿದಳು.

"ಮಿಸ್, ಮೊದಲನೇ ಫೋಟೋದ ಕಾಳೂ ಇದೂ ಒಂದೇನಾ? ನಡುವೆ ಬದಲಾಯಿಸಿಲ್ಲ ತಾನೇ?"

"ಒಂದೇ ಕಣಮ್ಮ."

"ಹೇಗೆ ನಂಬೋದು?"

ಮೇಡಂ ಪೆನ್ನು ನಿಂತಿತು. ಇವಳ ಕಣ್ಣು ತಾನಾಗಿ ಹಿಂದಿನ ಸಾಲಿಗೆ, ಪಾಠ ನೋಡಲು ಬಂದ ಜೊತೆಯವರ ಕಡೆ ಹೋಯಿತು. ಲಂಬು ಸೂರು ನೋಡುತ್ತಾ ಬೇಕೆಂದೇ ಸತಾಯಿಸಿದ.

"ಒಂದೇ," ಅಂದ ಕೊನೆಗೆ. "ದಿನಾ ಇಣುಕಿ ನೋಡಿದ್ದೀನಿ."

ಪೆನ್ನು ಓಡಿತು. ಪಾಸಾದಳು. ಹೊರಗೆ ಅವನಿಗೆ ಥ್ಯಾಂಕ್ಸ್ ಹೇಳುವಾಗಲೂ ಒಳಗೊಂದು ಯೋಚನೆ ಕೊರೆಯುತ್ತಲೇ ಇತ್ತು: ಅಷ್ಟು ಅನ್ನಿಸಿಕೊಂಡೂ ಸಾಕ್ಷಿ ಹೇಳಿದನಲ್ಲ, ಇವನಿಗೇನು ಬೇಕಿರಬಹುದು?