ಬಾಗಿಲಲ್ಲಿ ಒರೆಸಿದ ಕುಂಕುಮ

ಹಿಂದೂಪುರದ ಹೊರಗಿನ ಚಿಪ್ ಕಂಪನಿಯಲ್ಲಿ ಏನು ಕೆಲಸ ಎಂದು ಯಾರಾದರೂ ಕೇಳಿದರೆ ‘ಪರೀಕ್ಷೆ ವಿಭಾಗ’ ಎಂದು ಗತ್ತಿನಿಂದ ಹೇಳುತ್ತಿದ್ದೆ. ನಿಜ ಹೇಳಬೇಕೆಂದರೆ ನಾನು ಬಾಗಿಲು ಕಾಯುತ್ತಿದ್ದೆ. ಫೋನಿನೊಳಗೆ ಕೂರುವ ಚಿಪ್ಪುಗಳನ್ನು ಪರೀಕ್ಷಿಸುವ ದೊಡ್ಡ ಕೋಣೆಗೆ, ಅಂದರೆ ಹಾಲಿಗೆ, ಧೂಳು ಹೋಗಬಾರದು. ಹಾಗಾಗಿ ಒಳಗೆ ಹೋಗುವ ಹೆಂಗಸರು ಹೂವು, ಬಳೆ ಎಲ್ಲ ಹೊರಗೇ ಬಿಟ್ಟು, ಹಣೆಯ ಕುಂಕುಮ ಒರೆಸಿಕೊಂಡು, ತಲೆಯಿಂದ ಕಾಲಿನವರೆಗೆ ಬಿಳಿ ಸೂಟು ತೊಡಬೇಕಿತ್ತು. ಅದನ್ನು ನೋಡಿಕೊಳ್ಳುವವಳು ನಾನು.

ನನ್ನನ್ನು ಆ ಕೆಲಸಕ್ಕೆ ಹಾಕಿದ ಸಾಹೇಬನ ಕಣ್ಣಿಗೆ ಧೂಳು ಒಂದೇ ಕಾಣುತ್ತಿತ್ತು. ಕಂಬದೂರು ರಸ್ತೆಯಲ್ಲಿ ಟ್ರ್ಯಾಕ್ಟರ್ ಮಗುಚಿ ನನ್ನ ಗಂಡ ಹೋಗಿಬಿಟ್ಟಿದ್ದ. ಕಲ್ಯಾಣದುರ್ಗದ ತವರಿಗೆ ಬಂದು, ಅಲ್ಲಿ ಕೂತು ಕೂತು ಸಾಕಾಗಿ, ಹಿಂದೂಪುರಕ್ಕೆ ಬಂದು ಬಾಡಿಗೆ ರೂಮು ಹಿಡಿದವಳು ನಾನು. ಹಣೆ ಬೋಳು, ಕೈ ಬೋಳು. ಅಂಥವಳನ್ನು ಬಾಗಿಲಲ್ಲಿ ನಿಲ್ಲಿಸಿ ಮುತ್ತೈದೆಯರ ಕುಂಕುಮ ಒರೆಸಿಸು ಎಂದರೆ!

ಪಕ್ಕದ ಊರು ಪರಿಗಿಯ ಹುಡುಗಿಯೊಬ್ಬಳು ಮದುವೆಯಾದ ಹೊಸತರಲ್ಲೇ ಕೆಲಸಕ್ಕೆ ಸೇರಿದಳು. ಒದ್ದೆ ಬಟ್ಟೆ ಕೈಗೆ ಕೊಟ್ಟು ‘ಒರೆಸ್ಕೊ’ ಎಂದೆ. ಅವಳು ಬಟ್ಟೆ ನೋಡಿದಳು, ನನ್ನ ಹಣೆ ನೋಡಿದಳು, ಗೊಳೋ ಎಂದು ಅತ್ತುಬಿಟ್ಟಳು. ಮರುದಿನ ಅವಳ ಅತ್ತೆ ಗೇಟಿಗೇ ಬಂದರು.

“ಏಂದಪ್ಪಾ ಇದಿ, ಏನಿದು! ಗಂಡ ಸತ್ತೋಳ ಕೈಲಿ ನಮ್ ಸೊಸೆ ಕುಂಕುಮ ಅಳಿಸ್ತೀರಾ? ನಮ್ ಹುಡುಗನ್ಗೆ ಏನಾರ ಆದ್ರೆ ನಿಮ್ ಕಂಪ್ನಿ ಬತ್ತದಾ?”

ನನಗೆ ಮೈಯೆಲ್ಲ ಉರಿದುಹೋಯಿತು. “ನಾನ್ ಮುಟ್ಟಿಲ್ಲ ಕಣಮ್ಮ, ನಿನ್ ಸೊಸೇನೇ ಒರೆಸ್ಕೊಂಡವ್ಳೆ. ನನ್ ಗಂಡ ಹೋದಾಗ ನನ್ ಹಣೇನ ಯಾವ ಕಂಪ್ನಿಯೋರು ಒರೆಸಿದ್ರು, ಹೇಳು?” ಎಂದೆ. ಆಯಮ್ಮ ಗೊಣಗುತ್ತ ಹೋದರು. ನಾನು ಮಾತ್ರ ಅವತ್ತಿನಿಂದ ಹುಷಾರಾದೆ. ಬಟ್ಟೆಯ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಮಾರು ದೂರ ನಿಂತು, ಬಾಯಲ್ಲೇ ಕೆಲಸ ಮಾಡಿಸುತ್ತಿದ್ದೆ. “ಏ, ಬೈತಲೆ ತಾವ ಇನ್ನೂ ಕೆಂಪೈತೆ ನೋಡೇ! ನಿನ್ ಕಣ್ಣೇನು ಮನೇಲಿ ಬಿಟ್ ಬಂದ್ಯಾ?” ಬಾಯಿಬಡುಕಿ ಎಂದು ಹೆಸರು ಬಂತು. ಬರಲಿ ಬಿಡಿ.

ಆದರೂ ಆ ಹಾಲೆಂದರೆ ನನಗೆ ಪ್ರಾಣ. ಸೂಟು ತೊಟ್ಟ ಮೇಲೆ ಎಲ್ಲರದೂ ಕಾಣುವುದು ಕಣ್ಣೆರಡೇ. ಮದುವೆ, ಸೀಮಂತ ಎಂದು ಕರೆದರೆ ನಾನು ಹೋಗಿ ಮೂಲೆ ಹುಡುಕಬೇಕು. ಇಲ್ಲಿ ಎಲ್ಲರ ಹಣೆಯೂ ನನ್ನ ಹಣೆಯೇ. ಪರಿಗಿಯ ಹುಡುಗಿ ಬರಬರುತ್ತ ಅಕ್ಕಾ ಎನ್ನತೊಡಗಿದಳು, ಮಧ್ಯಾಹ್ನ ತನ್ನ ಡಬ್ಬಿಯ ಚಿತ್ರಾನ್ನದಲ್ಲಿ ಅರ್ಧ ನನಗೆ ಬಡಿಸುತ್ತಿದ್ದಳು.

ಹೀಗೇ ಕೆಲವು ವರ್ಷ ಕಳೆದ ಮೇಲೆ ಒಂದು ದಿನ ಎಲ್ಲರನ್ನೂ ಕ್ಯಾಂಟೀನಿಗೆ ಕರೆದರು. ಪರದೆಯ ಮೇಲೆ ಯಾವುದೋ ದೇಶದಲ್ಲಿ ಕೂತ ದೊಡ್ಡ ಸಾಹೇಬ ಇಂಗ್ಲಿಷಿನಲ್ಲಿ ಮಾತಾಡಿದ. ನಮ್ಮ ಆಫೀಸರಮ್ಮ ತೆಲುಗಿನಲ್ಲಿ ಹೇಳಿದರು: ಫೋನ್ ಚಿಪ್ಪಿನ ವಿಭಾಗ ನಷ್ಟದಲ್ಲಿದೆ, ಕಂಪನಿ ಅದನ್ನು ಕೈಬಿಡುತ್ತಿದೆ. ಕಾರಿನ ಚಿಪ್ಪು ಮುಂದುವರಿಯುತ್ತದೆ, ಆದರೆ ಅದು ಬೇರೆ ಊರಿನಲ್ಲಿ. ನಮ್ಮ ಹಾಲು ಮುಚ್ಚುತ್ತದೆ, ನಾವೆಲ್ಲ ಮನೆಗೆ.

ನನ್ನ ಬಾಗಿಲಿನಿಂದಲೇ ಏನಾದರೂ ಒಳಗೆ ಹೋಯಿತೇ?

“ಮೇಡಂ, ಧೂಳು ಸೇರ್ಕಂತಾ?” ಎಂದು ಎದ್ದು ಕೇಳಿಯೇಬಿಟ್ಟೆ.

“ಇಲ್ಲಮ್ಮ, ನಿಮ್ಮ ಚಿಪ್ ಎಲ್ಲ ಚೆನ್ನಾಗೇ ಇದ್ವು. ಕೊಳ್ಳೋರಿಲ್ಲ, ಅಷ್ಟೇ.”

“ಹಂಗಾದ್ರೆ ಇಷ್ಟ್ ದಿನ ಇವ್ರ ಹಣೆ ಯಾಕೆ ಒರೆಸ್ಸಿದ್ವಿ?”

ಆಫೀಸರಮ್ಮ ನೀರು ಕುಡಿದರು.

ಕೊನೆಯ ದಿನ ಮೆಷಿನ್ನುಗಳನ್ನು ಮರದ ಪೆಟ್ಟಿಗೆಗಳಿಗೆ ತುಂಬಿದ್ದರು. ಗಾಳಿ ಶುದ್ಧ ಮಾಡುವ ಯಂತ್ರವೂ ಬಂದ್. ಇವತ್ತು ತಪಾಸಣೆ ಬೇಡ ಎಂದರು. ಹೆಂಗಸರೆಲ್ಲ ಜರಿ ಸೀರೆ ಉಟ್ಟು, ಕನಕಾಂಬರ ಮುಡಿದು, ಮೊಣಕೈವರೆಗೆ ಬಳೆ ತೊಟ್ಟು ಬಂದುಬಿಟ್ಟರು. ಸದ್ದೇ ಇರದಿದ್ದ ಹಾಲಿನಲ್ಲಿ ಬಳೆಗಳ ಗಲಗಲ. ಅಭ್ಯಾಸಬಲದಿಂದ ನಾನು ನನ್ನ ಬಾಗಿಲಲ್ಲೇ ನಿಂತಿದ್ದೆ. ಅವರೆಲ್ಲ ಯಾರೋ ಹೊಸಬರು ಅನ್ನಿಸಿತು. ನಾನೊಬ್ಬಳೇ ಹಳಬಳು.

ಅಗಲುವ ಹೊತ್ತಿಗೆ ತಟ್ಟೆ ಹಿಡಿದು ಒಬ್ಬರಿಗೊಬ್ಬರು ಅರಿಶಿನ ಕುಂಕುಮ ಇಡತೊಡಗಿದರು. ತಟ್ಟೆ ನನ್ನ ಹತ್ತಿರ ಬರುತ್ತದೋ, ಪಕ್ಕದಿಂದ ಹಾದುಹೋಗುತ್ತದೋ? ತಲೆಯಲ್ಲಿ ಇದೊಂದೇ. ಯಾರಿಗೂ ಮುಜುಗರವಾಗದಿರಲಿ ಎಂದು ಬೆನ್ನು ತಿರುಗಿಸಿ, ಮಡಚಿಟ್ಟ ಸೂಟುಗಳನ್ನೇ ಮತ್ತೆ ಮಡಚುತ್ತ ನಿಂತೆ. ಕಣ್ಣು ತುಂಬಿತ್ತು, ಸುಳ್ಳು ಯಾಕೆ ಹೇಳಲಿ.

“ಅಕ್ಕಾ, ಈ ಕಡೆ ತಿರುಗು.” ಪರಿಗಿಯ ಹುಡುಗಿ. ಕೈಯಲ್ಲಿ ತಟ್ಟೆ, ಹಣೆ ಖಾಲಿ. “ದಿನಾ ಒರೆಸ್ಸಿದೀಯ. ಇವತ್ತು ನೀನೇ ಇಡು.”

“ತಲೆ ಕೆಟ್ಟೈತಾ? ನಿಮ್ಮತ್ತೆಗೆ ಗೊತ್ತಾದ್ರೆ ನನ್ನ ಸಿಗದಾಕ್ತಾಳೆ.”

“ಗೊತ್ತಾಗ್ಲಿ ಬಿಡಕ್ಕ. ಇಷ್ಟ್ ವರ್ಷ ಒರೆಸ್ಕೊಂಡೆ, ನನ್ ಗಂಡ ಗುಂಡುಕಲ್ಲಿನಂಗೆ ಅವ್ನೆ.”

ಸುತ್ತ ಇದ್ದವರು ನಕ್ಕರು. ನಾನು ಉಂಗುರದ ಬೆರಳು ಅದ್ದಿ ಇಟ್ಟೆ. ಬೊಟ್ಟು ಸ್ವಲ್ಪ ಸೊಟ್ಟಗಾಯಿತು. ಅವಳ ಹಿಂದೆ ಇನ್ನೂ ಮೂರ್ನಾಲ್ಕು ಜನ ಬಂದು ನಿಂತರು, ಅವರಿಗೂ ಇಟ್ಟೆ. ಹಿರಿಯ ಹೆಂಗಸೊಬ್ಬರು ಸೆರಗು ಹೊದ್ದು ನನ್ನನ್ನು ತಪ್ಪಿಸಿಕೊಂಡು ಗೋಡೆಯ ಪಕ್ಕದಿಂದ ಹಾದುಹೋದರು. ಸಿಟ್ಟು ಬಂತು, ನುಂಗಿಕೊಂಡೆ. ಆಮೇಲೆ ಎಲ್ಲರೂ ತಬ್ಬಿಕೊಂಡು, ಅತ್ತು, ವ್ಯಾನು ಹತ್ತಿ ಹೋದರು.

ಅವತ್ತೇ ಗಂಟುಮೂಟೆ ಕಟ್ಟಿಕೊಂಡು ಕಲ್ಯಾಣದುರ್ಗಕ್ಕೆ ಬಂದೆ. ಅಮ್ಮ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಪಕ್ಕದಲ್ಲಿ ಕೂತು ನಾನೂ ಕೈಹಾಕಿದೆ. ಅವಳ ಕಣ್ಣು ನನ್ನ ಕೆಂಪು ಬೆರಳಿಗೆ ಬಿತ್ತು.

“ಯಾರಿಗಿಟ್ಯೆ?”

ಎಲ್ಲ ಹೇಳಿದೆ. ಅಮ್ಮ ಕೈಯಲ್ಲಿದ್ದ ಕಾಯಿ ಕೆಳಗಿಟ್ಟಳು.

“ನಿನ್ಗೆ ಯಾರೂ ಇಡ್ಲಿಲ್ವಾ?”

“ಯಾರ್ಗೂ ನೆನಪಾಗ್ಲಿಲ್ಲ ಕಣಮ್ಮ.” ಅಷ್ಟು ಹೇಳಿ ಸುಮ್ಮನಿರಬಹುದಿತ್ತು, ಆದರೆ ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. “ಒರೆಸಿದೋಳು ನೀನೇ ಅಲ್ವಾ? ಊರ್ನೋರ ಮುಂದೆ ನನ್ ಹಣೆ ನೀನೇ ತಾನೇ ಒರೆಸಿದ್ದು?”

ಅಮ್ಮ ನನ್ನ ಕೈ ಹಿಡಿದು, ಆ ಬೆರಳನ್ನು ನನ್ನದೇ ಹಣೆಗೆ ಒತ್ತಿದಳು. ಬೆರಳು ನೋಡಿದಳು, ಹಣೆ ನೋಡಿದಳು, ಮತ್ತೆ ಒತ್ತಿದಳು.

“ಒಣಗೋಗೈತೆ ಕಣಮ್ಮ, ಹತ್ತಲ್ಲ ಬಿಡು” ಎಂದೆ.

ಅಮ್ಮ ಮಡಿಲಲ್ಲಿದ್ದ ಸಿಪ್ಪೆ ಕೊಡವಿ, ಮೊಣಕಾಲಿಗೆ ಕೈಯೂರಿ ಎದ್ದು, ಕುಂಕುಮದ ಭರಣಿ ತರಲು ಒಳಗೆ ಹೋದಳು.