ಪ್ರೂಫ್ ನೋಡುವವರ ತಪ್ಪು

ನಮ್ಮ ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದವರಿಗೆ ನಾವೆಲ್ಲ ಇಟ್ಟ ಹೆಸರು ಕೆಂಪು ಪೆನ್ಸಿಲ್. ದೇವರಿದ್ದಾನೆ ಎನ್ನುವ ಸಂಘದ ಪತ್ರಿಕೆಯೂ ಇಲ್ಲವೇ ಇಲ್ಲ ಎನ್ನುವ ಸಂಘದ ಪತ್ರಿಕೆಯೂ ಅಚ್ಚಾಗುತ್ತಿದ್ದದ್ದು ನಮ್ಮಲ್ಲೇ. ಎರಡೂ ಅವರ ಮೇಜಿಗೇ ಬರುತ್ತಿದ್ದವು. ಕಾಗುಣಿತ ತಿದ್ದಿ ಸುಮ್ಮನಿರುವ ಆಸಾಮಿಯಲ್ಲ ಅವರು. "ಇದು ವಾದವಲ್ಲ, ಬೈಗುಳ", "ಸಾಧಿಸಬೇಕಾದ್ದನ್ನೇ ಮೊದಲು ಒಪ್ಪಿಕೊಂಡಿದ್ದೀರಿ", "ಎದುರಾಳಿ ಹೀಗೆ ಹೇಳಿಯೇ ಇಲ್ಲ" ಎಂದೆಲ್ಲ ಅಂಚಿನಲ್ಲಿ ಬರೆಯುವರು. ಎರಡೂ ಕಡೆಯವರು ಬಂದು ಕೂಗಾಡುವರು, ಆಮೇಲೆ ಬಾಯಿ ಮುಚ್ಚಿಕೊಂಡು ತಿದ್ದಿಕೊಡುವರು. ನನಗಂತೂ ಮೈಯೆಲ್ಲ ಉರಿಯುತ್ತಿತ್ತು. ಪ್ರತಿ ಸಲವೂ ಪುಟ ಹೊಸದಾಗಿ ಜೋಡಿಸಬೇಕಾದವನು ನಾನು ತಾನೆ!

ಅವರಿಗೆ ತಮ್ಮವರು ಅಂತ ಇದ್ದದ್ದು ಅಕ್ಕ ಒಬ್ಬಳೇ. ಆಕೆಯ ಮಗಳು ಒಂಬತ್ತನೇ ವಯಸ್ಸಿಗೇ ಜ್ವರದಲ್ಲಿ ತೀರಿಕೊಂಡಿದ್ದಳು. ಈಗ ಅಕ್ಕನೂ ಆಸ್ಪತ್ರೆ ಸೇರಿದ್ದಳು, ಡಾಕ್ಟರು ಕೈಚೆಲ್ಲಿದ್ದರು. ಒಂದು ಸಂಜೆ ಆಕೆ ತಮ್ಮನನ್ನು ಕೇಳಿದಳಂತೆ, "ಅವಳನ್ನ ಅಷ್ಟು ಪ್ರೀತಿ ಮಾಡಿದೀನಿ ಕಣೋ. ನಾನು ಹೋದ್ಮೇಲೆ ಸಿಕ್ಕೇ ಸಿಗ್ತಾಳೆ ಅಲ್ವಾ?"

ಇವರು ಹಳೇ ಚಾಳಿಯಲ್ಲೇ ಹೇಳಿಬಿಟ್ಟರು: "ಆಸೆಪಟ್ಟ ಮಾತ್ರಕ್ಕೆ ನಿಜ ಆಗಲ್ಲ ಅಕ್ಕಾ. ಅವಳು ಸಿಗಲ್ಲ."

ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಮೂರು ದಿನ ತಮ್ಮನ ಜೊತೆ ಮಾತಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ, ನಾಸ್ತಿಕರ ಲೇಖನವೊಂದರ ಅಂಚಿನಲ್ಲಿ ಅವರು "ಪುರಾವೆ ಇಲ್ಲ ಎಂದ ಮಾತ್ರಕ್ಕೆ ಸುಳ್ಳು ಎಂದಾಗದು" ಎಂದು ಬರೆದರು. ಬರೆದದ್ದನ್ನೇ ನೋಡುತ್ತ ಕೂತುಬಿಟ್ಟರು.

"ಈ ತಪ್ಪು ನಾನೇ ಮಾಡಿದೀನಲ್ಲೋ. ಸ್ಕೂಟರ್ ತೆಗಿ, ಆಸ್ಪತ್ರೆಗೆ ಹೋಗೋಣ" ಎಂದರು. ಪ್ರೂಫನ್ನು ಅರ್ಧಕ್ಕೆ ಬಿಟ್ಟು ಅವರು ಎದ್ದದ್ದನ್ನು ನಾನು ಕಂಡದ್ದು ಅದೇ ಮೊದಲು.

ಮಂಚದ ಪಕ್ಕ ನಿಂತು, "ಅಕ್ಕಾ, ಸಿಗಲ್ಲ ಅಂದಿದ್ದು ತಪ್ಪು. ನನಗೆ ಅದು ಗೊತ್ತಿಲ್ಲ" ಎಂದರು.

ಅಕ್ಕ ನಿಧಾನವಾಗಿ ಈ ಕಡೆ ತಿರುಗಿದಳು. "ಹಾಗಾದ್ರೆ ಸಿಗಬಹುದು?"

ಸಿಗ್ತಾಳೆ ಎಂದುಬಿಡಬಾರದೇ ಈ ಮನುಷ್ಯ, ಸಾಯುವವಳ ಹತ್ತಿರವೂ ಏನು ಜಿಪುಣತನ ಎಂದು ನನಗೆ ಸಿಟ್ಟು ಬಂತು. ಅವರು ಹಾಗೆ ಹೇಳಲಿಲ್ಲ.

"ಸಿಗಬಹುದು ಅಕ್ಕಾ."

ಆಕೆಗೆ ಅಷ್ಟೇ ಸಾಕಾಯಿತು. ತಮ್ಮನ ಕೈ ಹಿಡಿದುಕೊಂಡು, "ಸಿಕ್ಕಿದ್ರೆ ಮಾಮ ಏನು ಹೇಳಿಕಳಿಸ್ದ ಅಂತ ಹೇಳ್ಲಿ?" ಎಂದಳು.

ಈ ಪ್ರಶ್ನೆಯಲ್ಲೂ ತಪ್ಪು ಹುಡುಕುತ್ತಾರೇನೋ ಎಂದು ನಾನು ಹೆದರಿದೆ. ಅವರು ಕಣ್ಣೊರೆಸಿಕೊಂಡರು.

"ಅವಳ ಕಾಪಿ ಪುಸ್ತಕದ ತುಂಬ ಕೆಂಪು ಗೀಟು ಹಾಕಿ ಅವಳನ್ನ ಅಳಿಸ್ತಿದ್ನಲ್ಲ, ತಪ್ಪಾಯ್ತು ಅಂತ ಹೇಳಕ್ಕಾ. ಮರೀಬೇಡ."